ಎಫ್‌ಎಂಆರ್‌ಐ ಚಿತ್ರದ ಕೆಂಪು ಮಚ್ಚೆಯ ಹಿಂದಿರುವ ರಕ್ತದ ಲೆಕ್ಕ

ಬೂದು ಬಣ್ಣದ ಮೆದುಳು, ಅದರ ಮೇಲೆ ಕೆಂಪು-ಹಳದಿಯ ಒಂದು ಮಚ್ಚೆ, ಕೆಳಗೆ ‘ಬೆರಳಾಡಿಸುವಾಗ ಈ ಭಾಗ ಚುರುಕಾಗುತ್ತದೆ’ ಎಂಬ ಅಡಿಬರಹ. ಆ ಜಾಗದಲ್ಲಿ ಸಿಗ್ನಲ್ ಏಕೆ ಹೆಚ್ಚಾಯಿತು ಎಂದು ಕೇಳಿ ನೋಡಿ. ‘ಅಲ್ಲಿನ ನರಕೋಶಗಳು ಹೆಚ್ಚು ಆಮ್ಲಜನಕ ಬಳಸುತ್ತಿವೆ, ಅದಕ್ಕೆ’ ಎನ್ನುವ ಉತ್ತರ ಥಟ್ಟನೆ ಬರುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಲೆಕ್ಕ ತಲೆಕೆಳಗು. ಆಮ್ಲಜನಕದ ಬಳಕೆಯೊಂದೇ ಹೆಚ್ಚಾಗಿದ್ದರೆ ಆ ಜಾಗದ ಸಿಗ್ನಲ್ ಇಳಿಯಬೇಕಿತ್ತು. ಅದು ಏರಿದ್ದು ರಕ್ತ ಬೇಕಾದ್ದಕ್ಕಿಂತ ಹೆಚ್ಚಾಗಿ ಹರಿದು ಬಂದದ್ದರಿಂದ. ಬೇಡಿಕೆ ಹಿಡಿಯಷ್ಟು, ಪೂರೈಕೆ ಚೀಲದಷ್ಟು. ಕೆಲಸ ಮಾಡುತ್ತಿರುವ ಮೆದುಳನ್ನು ಎಂಆರ್‌ಐ ಯಂತ್ರದಲ್ಲಿ ನೋಡುವ ವಿಧಾನವಾದ ಎಫ್‌ಎಂಆರ್‌ಐ ಅಳೆಯುವುದು ಈ ಹೆಚ್ಚುವರಿಯನ್ನು.

ಮೊದಲು ಹಿಮೋಗ್ಲೋಬಿನ್ನಿನ ವಿಷಯ. ಆಮ್ಲಜನಕವನ್ನು ಹೊತ್ತಿರುವಾಗ ಈ ಅಣುವಿಗೆ ಕಾಂತಕ್ಷೇತ್ರದಲ್ಲಿ ವಿಶೇಷ ಗುಣವೇನೂ ಇಲ್ಲ, ಸುತ್ತಲಿನ ನೀರು, ಅಂಗಾಂಶಗಳ ಹಾಗೆಯೇ ಇರುತ್ತದೆ. ಆಮ್ಲಜನಕವನ್ನು ಬಿಟ್ಟುಕೊಟ್ಟ ಕೂಡಲೇ ಅದರ ಪ್ರತಿ ಕಬ್ಬಿಣದ ಪರಮಾಣುವಿನಲ್ಲಿ ಜೋಡಿಯಿಲ್ಲದ ನಾಲ್ಕು ಎಲೆಕ್ಟ್ರಾನ್‌ಗಳು ಉಳಿದು, ಇಡೀ ಅಣು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರ್ಯೆಲ್ 1936ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಆಮ್ಲಜನಕ ಬಿಟ್ಟ ಈ ರೂಪಕ್ಕೆ ಡಿಆಕ್ಸಿಹಿಮೋಗ್ಲೋಬಿನ್ ಎಂದು ಹೆಸರು. ಮುಂದೆ ಇದನ್ನು ಡಿಆಕ್ಸಿ ಎಂದಷ್ಟೇ ಕರೆಯುತ್ತೇನೆ.

ಎಂಆರ್‌ಐಗೆ ಸಿಗ್ನಲ್ ಸಿಗುವುದು ನೀರಿನ ಪ್ರೋಟಾನ್‌ಗಳಿಂದ. ರೇಡಿಯೋ ಸ್ಪಂದನ ಕೊಟ್ಟಾಗ ಅವೆಲ್ಲ ಒಂದೇ ತಾಳದಲ್ಲಿ ತಿರುಗತೊಡಗುತ್ತವೆ. ರಕ್ತನಾಳದಲ್ಲಿ ಡಿಆಕ್ಸಿ ಇದ್ದರೆ ಆ ನಾಳದೊಳಗೂ ಸುತ್ತಲೂ ಕಾಂತಕ್ಷೇತ್ರ ಚೂರು ಏರುಪೇರಾಗುತ್ತದೆ. ಅಕ್ಕಪಕ್ಕದ ಪ್ರೋಟಾನ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗಿ ತಾಳ ತಪ್ಪುತ್ತವೆ, ಒಟ್ಟು ಸಿಗ್ನಲ್ ಬೇಗ ಕುಗ್ಗುತ್ತದೆ. ಹೀಗೆ ಕುಗ್ಗುವ ಕಾಲಮಾನಕ್ಕೆ ಟಿ2 ಸ್ಟಾರ್ ಎನ್ನುತ್ತಾರೆ. ಡಿಆಕ್ಸಿ ಹೆಚ್ಚಿದ್ದಲ್ಲಿ ಚಿತ್ರ ಕಪ್ಪು, ಕಡಿಮೆಯಾದಲ್ಲಿ ಬೆಳಕು. ಬೆಲ್ ಲ್ಯಾಬ್ಸ್‌ನಲ್ಲಿದ್ದ ಸೇಜಿ ಒಗಾವ 1990ರಲ್ಲಿ ಇಲಿಗಳ ಮೆದುಳಿನಲ್ಲಿ ರಕ್ತನಾಳಗಳು ಕಪ್ಪು ಗೆರೆಗಳಾಗಿ ಕಾಣುವುದನ್ನೂ, ಉಸಿರಾಡುವ ಆಮ್ಲಜನಕವನ್ನು ಬದಲಿಸಿದರೆ ಆ ಗೆರೆಗಳೂ ಬದಲಾಗುವುದನ್ನೂ ತೋರಿಸಿ ಈ ವಿಧಾನಕ್ಕೆ ಬೋಲ್ಡ್ (‘ರಕ್ತದ ಆಮ್ಲಜನಕದ ಮಟ್ಟವನ್ನು ಅವಲಂಬಿಸಿದ’ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳು) ಎಂದು ಹೆಸರಿಟ್ಟರು. ಎರಡೇ ವರ್ಷಕ್ಕೆ, 1992ರಲ್ಲಿ, ಮನುಷ್ಯರ ಮೆದುಳಿನಲ್ಲಿ ಇದನ್ನು ಬೇರೆ ಬೇರೆ ತಂಡಗಳು ಮಾಡಿ ತೋರಿಸಿದವು.

ಈಗ ಒಂದು ಸಣ್ಣ ಲೆಕ್ಕ. ಕಾಗದದ ಮೇಲೆ ಒಮ್ಮೆ ಮಾಡಿಕೊಂಡರೆ ಮತ್ತೆ ಗೊಂದಲವಾಗುವುದಿಲ್ಲ. ಅಪಧಮನಿಯ ರಕ್ತ ಪೂರ್ತಿ ಆಮ್ಲಜನಕ ತುಂಬಿಕೊಂಡು ಬರುತ್ತದೆ ಎಂದುಕೊಳ್ಳೋಣ. ವಿಶ್ರಾಂತಿಯಲ್ಲಿರುವ ಮೆದುಳು ಅದರಲ್ಲಿ ಸುಮಾರು ಶೇಕಡ 40ನ್ನು ತೆಗೆದುಕೊಳ್ಳುತ್ತದೆ. ಅಂದರೆ ಅಭಿಧಮನಿಗೆ ಹೋಗುವ ರಕ್ತದಲ್ಲಿ ಡಿಆಕ್ಸಿಯ ಪಾಲು 40. ಪೀಟರ್ ಫಾಕ್ಸ್ ಮತ್ತು ಮಾರ್ಕಸ್ ರೈಕಲ್ 1986ರಲ್ಲಿ, ವಿಕಿರಣಶೀಲ ಗುರುತನ್ನು ಬಳಸುವ ಪೆಟ್ ಸ್ಕ್ಯಾನಿನಿಂದ ಅಳೆದಾಗ, ಬೆರಳಿಗೆ ಕಂಪನ ಕೊಟ್ಟರೆ ಸ್ಪರ್ಶದ ಪ್ರದೇಶದಲ್ಲಿ ರಕ್ತಪ್ರವಾಹ ಶೇಕಡ 29ರಷ್ಟು ಏರಿತ್ತು, ಆಮ್ಲಜನಕದ ಬಳಕೆ ಏರಿದ್ದು ಶೇಕಡ 5 ಮಾತ್ರ. ಈ ಅಂಕಿಗಳನ್ನು ಹಾಕಿ ನೋಡಿ: 40 ಗುಣಿಸು 1.05, ಭಾಗಿಸು 1.29. ಉತ್ತರ 32.6. ಡಿಆಕ್ಸಿ 40ರಿಂದ 33ರ ಹತ್ತಿರಕ್ಕೆ ಇಳಿಯಿತು, ಸಿಗ್ನಲ್ ಏರಿತು. ರಕ್ತಪ್ರವಾಹ ಹಾಗೇ ಇದ್ದು ಬಳಕೆ ಮಾತ್ರ ಏರಿದ್ದರೆ ಉತ್ತರ 42. ಡಿಆಕ್ಸಿ ಹೆಚ್ಚು, ಸಿಗ್ನಲ್ ಕಡಿಮೆ.

ಆಮೇಲಿನ ಅಳತೆಗಳಲ್ಲಿ ಬಳಕೆಯ ಏರಿಕೆ ಇಷ್ಟು ಕಡಿಮೆಯೇನಲ್ಲ. ಪ್ರವಾಹದ ಏರಿಕೆ ಬಳಕೆಯ ಏರಿಕೆಯ ಎರಡರಿಂದ ನಾಲ್ಕು ಪಟ್ಟು ಎಂಬುದು ಈಗ ಸಾಮಾನ್ಯವಾಗಿ ಬಳಸುವ ಲೆಕ್ಕ. ಆದರೆ ಈ ಅನುಪಾತ ಎಲ್ಲೆಡೆ ಒಂದೇ ಅಲ್ಲ ಎಂಬುದನ್ನು ಮನಸ್ಸಿನಲ್ಲಿಡಿ. ಎರಡು ಜಾಗಗಳಲ್ಲಿ ನರಕೋಶಗಳು ಅಷ್ಟೇ ಹೆಚ್ಚುವರಿ ಆಮ್ಲಜನಕ ಬಳಸಿಯೂ ಅನುಪಾತ ಬೇರೆಯಾದರೆ ಬೋಲ್ಡ್ ಸಿಗ್ನಲ್ ಬೇರೆ ಬೇರೆ ಬರುತ್ತದೆ. ‘ಇಲ್ಲಿ ಶೇಕಡ 2, ಅಲ್ಲಿ ಶೇಕಡ 1, ಆದ್ದರಿಂದ ಇಲ್ಲಿ ದುಪ್ಪಟ್ಟು ಕೆಲಸ’ ಎನ್ನುವ ವಾದ ಇಲ್ಲೇ ಮುರಿದು ಬೀಳುತ್ತದೆ.

ಇಷ್ಟು ಧಾರಾಳವಾಗಿ ರಕ್ತ ಏಕೆ ಬರಬೇಕು? ಹಲವು ವಿವರಣೆಗಳಿವೆ. ನನಗೆ ಒಪ್ಪಿಗೆಯಾಗುವುದು ವಿಸರಣದ ವಿವರಣೆ. ಆಮ್ಲಜನಕ ಲೋಮನಾಳದಿಂದ ಜೀವಕೋಶಕ್ಕೆ ಇಳಿಜಾರಿನಲ್ಲಿ ಇಳಿದಂತೆ ಹೋಗುತ್ತದೆ. ಹೆಚ್ಚು ಹೋಗಬೇಕಾದರೆ ಇಳಿಜಾರು ಕಡಿದಾಗಬೇಕು, ಅಂದರೆ ಲೋಮನಾಳದುದ್ದಕ್ಕೂ ಆಮ್ಲಜನಕದ ಮಟ್ಟ ಮೇಲಿರಬೇಕು. ರಕ್ತ ಜೋರಾಗಿ ಹರಿದಷ್ಟೂ ಪ್ರತಿ ಕೆಂಪು ರಕ್ತಕಣಕ್ಕೆ ಆಮ್ಲಜನಕ ಇಳಿಸಲು ಸಿಗುವ ಸಮಯ ಕಡಿಮೆಯಾಗುತ್ತದೆ. ಹಾಗಾಗಿ ಸ್ವಲ್ಪವೇ ಹೆಚ್ಚು ಕೊಡಲು ತುಂಬಾ ಹೆಚ್ಚು ಹರಿಸಬೇಕಾಗುತ್ತದೆ.

ರಕ್ತನಾಳಕ್ಕೆ ಸುದ್ದಿ ಮುಟ್ಟುವ ಬಗೆ ಇನ್ನೂ ಸ್ವಾರಸ್ಯದ್ದು. 1890ರಲ್ಲಿ ರಾಯ್ ಮತ್ತು ಶೆರಿಂಗ್ಟನ್, ಮೆದುಳು ಕೆಲಸ ಮಾಡಿದಾಗ ಹುಟ್ಟುವ ರಾಸಾಯನಿಕ ತ್ಯಾಜ್ಯವೇ ರಕ್ತನಾಳವನ್ನು ಹಿಗ್ಗಿಸುತ್ತದೆ ಎಂದು ಸೂಚಿಸಿದರು. ಅಂದರೆ ಕೊರತೆಯಾದ ಮೇಲೆ ಪೂರೈಕೆ. ಈಗ ತಿಳಿದಿರುವಂತೆ ಬಹುಪಾಲು ಸುದ್ದಿ ಕೊರತೆಗೆ ಕಾಯುವುದಿಲ್ಲ. ಎರಡು ನರಕೋಶಗಳು ಸಂಧಿಸುವ ನರಸಂಧಿಯಲ್ಲಿ ಗ್ಲುಟಮೇಟ್ ಎಂಬ ಸಂದೇಶವಾಹಕ ಬಿಡುಗಡೆಯಾಗಿ, ಅದನ್ನು ಪಡೆದ ನರಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿದಾಗ ನೈಟ್ರಿಕ್ ಆಕ್ಸೈಡ್ ಮತ್ತು ಪ್ರೊಸ್ಟಗ್ಲಾಂಡಿನ್‌ಗಳು ತಯಾರಾಗುತ್ತವೆ. ಇವು ಹತ್ತಿರದ ಕಿರು ಅಪಧಮನಿಯ ಸ್ನಾಯುವನ್ನು ಸಡಿಲಿಸುತ್ತವೆ. ರಕ್ತನಾಳವನ್ನು ಪಾದಗಳಿಂದ ಸುತ್ತಿಕೊಂಡಿರುವ ಆಸ್ಟ್ರೋಸೈಟ್ ಕೋಶಗಳೂ ತಮ್ಮ ಪಾಲಿನ ರಾಸಾಯನಿಕಗಳನ್ನು ಸುರಿಯುತ್ತವೆ. ಲೋಮನಾಳಗಳನ್ನು ಅಪ್ಪಿಕೊಂಡಿರುವ ಪೆರಿಸೈಟ್‌ಗಳು ಸಡಿಲವಾಗುತ್ತವೆ. ಇದರ ಜೊತೆಗೆ, ನರಕೋಶಗಳು ಹೊರಹಾಕಿದ ಪೊಟ್ಯಾಸಿಯಂ ಲೋಮನಾಳದ ಒಳಪದರದ ಕೋಶಗಳನ್ನು ತಟ್ಟಿದಾಗ ಅಲ್ಲೊಂದು ವಿದ್ಯುತ್ ಬದಲಾವಣೆ ಹುಟ್ಟಿ, ಕೋಶದಿಂದ ಕೋಶಕ್ಕೆ ದಾಟುತ್ತ ಪ್ರವಾಹಕ್ಕೆ ಎದುರಾಗಿ ಮೇಲಿನ ಅಪಧಮನಿಯವರೆಗೆ ಹೋಗುತ್ತದೆ. ಕೆಳಗಿನ ಕವಲಿಗೆ ರಕ್ತ ಬೇಕೆಂದರೆ ಮೇಲಿನ ನಾಳ ತೆರೆಯಲೇಬೇಕಲ್ಲ.

ನಾಳ ಎಷ್ಟು ಹಿಗ್ಗಿದರೆ ಸಾಕು? ಒತ್ತಡ ಬದಲಾಗದಿದ್ದರೆ ನಾಳದ ಪ್ರವಾಹ ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಪಾತದಲ್ಲಿರುತ್ತದೆ. ತ್ರಿಜ್ಯ ಶೇಕಡ 10 ಹೆಚ್ಚಿದರೆ ಆ ತುಂಡಿನಲ್ಲಿ ಪ್ರವಾಹ ಶೇಕಡ 46 ಹೆಚ್ಚುತ್ತದೆ. ರಕ್ತ ತೆಳುವಾದ ನೀರಲ್ಲ, ನಾಳ ಒಂಟಿ ಕೊಳವೆಯೂ ಅಲ್ಲ, ಹಾಗಾಗಿ ನಿಜವಾದ ಅಂಕಿ ಇಷ್ಟೇ ಎನ್ನಲಾಗದು. ಆದರೂ ಕೂದಲೆಳೆಯಷ್ಟು ಹಿಗ್ಗುವಿಕೆ ಸಾಕಾಗುವುದೇಕೆ ಎಂದು ಇದರಿಂದ ಗೊತ್ತಾಗುತ್ತದೆ.

ಈ ಸರಪಳಿಯಲ್ಲಿ ಗಮನಿಸಬೇಕಾದ ಅಂಶ: ಸುದ್ದಿ ಹೊರಡುವುದು ಹೆಚ್ಚಾಗಿ ನರಸಂಧಿಯ ಚಟುವಟಿಕೆಯಿಂದ. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ನಿಕೋಸ್ ಲೋಗೊಥೆಟಿಸ್ ಅವರ ತಂಡ 2001ರಲ್ಲಿ ಕೋತಿಗಳ ಮೆದುಳಿನಲ್ಲಿ ಎಲೆಕ್ಟ್ರೋಡ್ ಅಳತೆ ಮತ್ತು ಎಫ್‌ಎಂಆರ್‌ಐ ಎರಡನ್ನೂ ಏಕಕಾಲಕ್ಕೆ ಮಾಡಿತು. ನರಕೋಶಗಳು ಹೊರಗೆ ಕಳಿಸುವ ವಿದ್ಯುತ್ ಮಿಡಿತಗಳಾದ ಸ್ಪೈಕ್‌ಗಳಿಗಿಂತ, ಒಳಬರುವ ಸಂದೇಶ ಮತ್ತು ಸ್ಥಳೀಯ ಸಂಸ್ಕರಣೆಯನ್ನು ತೋರಿಸುವ ಸ್ಥಳೀಯ ಕ್ಷೇತ್ರ ವಿಭವವೇ ಬೋಲ್ಡ್ ಸಿಗ್ನಲ್ಲಿಗೆ ತುಸು ಹೆಚ್ಚು ಹೊಂದಿಕೊಂಡಿತು. ಸ್ಪೈಕ್‌ಗಳು ಬೇಗ ತಣ್ಣಗಾದ ಕೆಲವು ಜಾಗಗಳಲ್ಲೂ ಬೋಲ್ಡ್ ಮುಂದುವರಿದಿತ್ತು. ಆದ್ದರಿಂದ ಒಂದು ಭಾಗ ಹೊಳೆಯಿತು ಎಂದರೆ ಅದು ಉತ್ತರ ಕಳಿಸುತ್ತಿದೆ ಎಂದೇ ಅರ್ಥವಾಗಬೇಕಿಲ್ಲ. ಅದಕ್ಕೆ ಬೇರೆ ಕಡೆಯಿಂದ ಸಂದೇಶಗಳು ಬಂದು ಬೀಳುತ್ತಿರಬಹುದು, ಒಳಗೆ ಪ್ರಚೋದಕ ಮತ್ತು ಪ್ರತಿಬಂಧಕ ಕೋಶಗಳು ಪರಸ್ಪರ ಜಗ್ಗಾಡುತ್ತಿರಬಹುದು.

ಇನ್ನು ಸಮಯ. ನರಕೋಶದ ಕೆಲಸ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ, ರಕ್ತ ಅವಸರ ಮಾಡುವುದಿಲ್ಲ. ಕ್ಷಣಮಾತ್ರದ ಒಂದು ಪ್ರಚೋದನೆ ಕೊಟ್ಟರೆ ಮೊದಲ ಒಂದೆರಡು ಸೆಕೆಂಡು ಹೇಳಿಕೊಳ್ಳುವಂಥದ್ದೇನೂ ಕಾಣುವುದಿಲ್ಲ. ಆಮೇಲೆ ಸಿಗ್ನಲ್ ಏರಿ 4ರಿಂದ 6 ಸೆಕೆಂಡಿಗೆ ತುದಿ ಮುಟ್ಟುತ್ತದೆ, 12 ಸೆಕೆಂಡಿನ ಹೊತ್ತಿಗೆ ಮೂಲಮಟ್ಟಕ್ಕೆ ಬಂದು, ಅಲ್ಲಿಗೆ ನಿಲ್ಲದೆ ಇನ್ನೂ ಕೆಳಗಿಳಿದು, 20ರಿಂದ 30 ಸೆಕೆಂಡಿಗೆ ಸರಿಹೋಗುತ್ತದೆ. ತುದಿ ಮುಟ್ಟುವ ಸಮಯ ವ್ಯಕ್ತಿಯಿಂದ ವ್ಯಕ್ತಿಗೆ, ಒಬ್ಬರ ಮೆದುಳಿನಲ್ಲೇ ಜಾಗದಿಂದ ಜಾಗಕ್ಕೆ, ಒಂದೆರಡು ಸೆಕೆಂಡು ಹಿಂದುಮುಂದಾಗುತ್ತದೆ. ‘ಅ’ ಭಾಗ ‘ಬ’ ಭಾಗಕ್ಕಿಂತ ಒಂದು ಸೆಕೆಂಡು ಮೊದಲು ಹೊಳೆಯಿತು, ಆದ್ದರಿಂದ ‘ಅ’ ಕಾರಣ, ‘ಬ’ ಪರಿಣಾಮ ಎಂದು ಬರೆದದ್ದನ್ನು ಕಂಡರೆ ಆ ಪುಟ ಮಗುಚಿಬಿಡಬಹುದು. ಅದು ಆ ಎರಡು ಜಾಗಗಳ ರಕ್ತನಾಳಗಳ ವ್ಯತ್ಯಾಸವೂ ಆಗಿರಬಹುದು.

ಒಂದು ಪ್ರಯೋಗವನ್ನೇ ಎದುರಿಗಿಟ್ಟುಕೊಳ್ಳೋಣ. 3 ಟೆಸ್ಲಾ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲದ ಅಳತೆ) ಯಂತ್ರ, ಬಲಗೈ ಬೆರಳಾಡಿಸುವ ಕೆಲಸ. 20 ಸೆಕೆಂಡು ಬೆರಳಾಟ, 20 ಸೆಕೆಂಡು ವಿಶ್ರಾಂತಿ, ಇಂಥ 6 ಸುತ್ತು, ಒಟ್ಟು 4 ನಿಮಿಷ. ಪ್ರತಿ 2 ಸೆಕೆಂಡಿಗೆ ಇಡೀ ಮೆದುಳಿನ ಒಂದು ಚಿತ್ರ, ಅಂದರೆ 120 ಚಿತ್ರ. ಆರಂಭದಲ್ಲಿ ಇನ್ನೂ ನಾಲ್ಕೈದು ಚಿತ್ರ ತೆಗೆದು ಬಿಸಾಡಬೇಕು, ಏಕೆಂದರೆ ಪ್ರೋಟಾನ್‌ಗಳು ಸ್ಥಿರಸ್ಥಿತಿಗೆ ಬರುವವರೆಗೆ ಚಿತ್ರಗಳು ಸುಮ್ಮನೆ ಹೆಚ್ಚು ಬೆಳಗಿರುತ್ತವೆ. ವೋಕ್ಸೆಲ್, ಅಂದರೆ ಚಿತ್ರದ ಅತಿ ಚಿಕ್ಕ ತುಂಡು, ಪ್ರತಿ ಬದಿ 3 ಮಿ.ಮೀ. ಇರುವ ಘನ.

ಎಕೋ ಸಮಯ, ಅಂದರೆ ಸ್ಪಂದನ ಕೊಟ್ಟ ಮೇಲೆ ಸಿಗ್ನಲ್ ಓದುವ ಹೊತ್ತು, 30 ಮಿಲಿಸೆಕೆಂಡು. ಸೂತ್ರದ ಪ್ರಕಾರ ಎಕೋ ಸಮಯ ಅಂಗಾಂಶದ ಟಿ2 ಸ್ಟಾರ್‌ಗೆ ಸಮವಾಗಿದ್ದಾಗ ಬೋಲ್ಡ್ ವ್ಯತ್ಯಾಸ ಗರಿಷ್ಠ, ಮತ್ತು 3 ಟೆಸ್ಲಾದಲ್ಲಿ ಬೂದುದ್ರವ್ಯದ ಟಿ2 ಸ್ಟಾರ್ 45 ಮಿಲಿಸೆಕೆಂಡಿನ ಆಸುಪಾಸು. ಹಾಗಿದ್ದೂ 30 ಇಡುವುದು ಮೂಗಿನ ಹಿಂದಿನ ಗಾಳಿಗೂಡು ಮತ್ತು ಕಿವಿಯ ನಾಳದ ಕಾಟಕ್ಕೆ. ಗಾಳಿ ಮತ್ತು ಅಂಗಾಂಶ ಸೇರುವಲ್ಲಿ ಕಾಂತಕ್ಷೇತ್ರ ಕೆಟ್ಟು ಟಿ2 ಸ್ಟಾರ್ ತೀರಾ ಕಡಿಮೆಯಾಗುತ್ತದೆ, ತಡವಾಗಿ ಓದಿದಷ್ಟೂ ಆ ಜಾಗ ಕಪ್ಪು ಕುಳಿಯಾಗುತ್ತದೆ. ಕಣ್ಣಿನ ಮೇಲ್ಭಾಗದ ಮುಂಮೆದುಳು, ಕಿವಿಯ ಮೇಲಿನ ಕೆಳಪಾರ್ಶ್ವ ಈ ಕುಳಿಗೆ ಬೀಳುವ ಜಾಗಗಳು. ಅಲ್ಲಿ ಚಟುವಟಿಕೆ ಕಾಣಲಿಲ್ಲ ಎಂದು ಬರೆಯುವ ಮೊದಲು, ಬಣ್ಣ ಹಚ್ಚದ ಮೂಲ ಚಿತ್ರದಲ್ಲಿ ಅಲ್ಲಿ ಸಿಗ್ನಲ್ ಇತ್ತೇ ಎಂದು ನೋಡಬೇಕು. ನೋಡುವವರು ಕಡಿಮೆ.

ಬದಲಾವಣೆ ಎಷ್ಟು? ಸಿಗ್ನಲ್ ಕುಗ್ಗುವ ದರ ಸೆಕೆಂಡಿಗೆ 0.7ರಷ್ಟು ಇಳಿಯಿತು ಎಂದುಕೊಂಡರೆ 0.7 ಗುಣಿಸು 0.030, ಶೇಕಡ 2.1. ಅಂದರೆ 1000 ಇದ್ದದ್ದು 1021 ಆಗುತ್ತದೆ. ಒಂದು ವೋಕ್ಸೆಲ್ ಒಂದು ಚಿತ್ರದಿಂದ ಇನ್ನೊಂದಕ್ಕೆ ಸುಮ್ಮನೆ ಶೇಕಡ 1ರಷ್ಟು ತೂಗಾಡುತ್ತಿರುತ್ತದೆ, ಹಾಗಾಗಿ ಒಂಟಿ ಚಿತ್ರ ನೋಡಿ ಹೇಳುವಂತಿಲ್ಲ. ಬೆರಳಾಟದ 60 ಚಿತ್ರಗಳ ಸರಾಸರಿಯಿಂದ ವಿಶ್ರಾಂತಿಯ 60ರ ಸರಾಸರಿಯನ್ನು ಕಳೆದರೆ ತೂಗಾಟ ಶೇಕಡ 0.2ರ ಹತ್ತಿರಕ್ಕೆ ಇಳಿಯುತ್ತದೆ, 2.1 ಎದ್ದು ಕಾಣುತ್ತದೆ. ನೆನಪು, ಗಮನ, ನಿರ್ಧಾರದಂಥ ಸೂಕ್ಷ್ಮ ಪ್ರಯೋಗಗಳಲ್ಲಿ ಬದಲಾವಣೆ ಶೇಕಡ ಅರ್ಧ, ಕೆಲವೊಮ್ಮೆ ಅದಕ್ಕೂ ಕಡಿಮೆ. ಅಲ್ಲಿ ಈ ಆರಾಮ ಇರುವುದಿಲ್ಲ.

ಸುತ್ತಿನ ಅವಧಿಯನ್ನೂ ಮನಬಂದಂತೆ ಇಡುವಂತಿಲ್ಲ. ಯಂತ್ರದ ಸಿಗ್ನಲ್ ನಿಮಿಷಗಟ್ಟಲೆ ಅವಧಿಯಲ್ಲಿ ನಿಧಾನವಾಗಿ ಜಾರುತ್ತಿರುತ್ತದೆ. ಅದನ್ನು ತೆಗೆಯಲು ವಿಶ್ಲೇಷಣೆಯಲ್ಲಿ 128 ಸೆಕೆಂಡಿಗಿಂತ ನಿಧಾನವಾದ ಏರಿಳಿತವನ್ನೆಲ್ಲ ಸೋಸುವುದು ರೂಢಿ. ನಮ್ಮ ಸುತ್ತು 40 ಸೆಕೆಂಡಿನದು, ತೊಂದರೆಯಿಲ್ಲ. ಯಾರಾದರೂ ‘ಉದ್ದ ಇದ್ದಷ್ಟು ಒಳ್ಳೆಯದು’ ಎಂದು 90 ಸೆಕೆಂಡು ಕೆಲಸ, 90 ಸೆಕೆಂಡು ವಿಶ್ರಾಂತಿ ಇಟ್ಟರೆ 180 ಸೆಕೆಂಡಿನ ಆ ಸುತ್ತಿನ ಬಹುಪಾಲು ಸೋಸಿನಲ್ಲೇ ಹೋಗುತ್ತದೆ. ತೀರಾ ಚಿಕ್ಕದಾಗಿ, 5 ಸೆಕೆಂಡು-5 ಸೆಕೆಂಡು ಇಟ್ಟರೆ ರಕ್ತಕ್ಕೆ ಏರಿ ಇಳಿಯಲು ಪುರಸೊತ್ತೇ ಸಿಗದೆ ಏರಿಳಿತ ಸಪಾಟಾಗುತ್ತದೆ.

ಕೆಡುವುದು ಎಲ್ಲಿ? ಮೊದಲನೆಯದು ತಲೆಯ ಚಲನೆ. ಮೆದುಳಿನ ಅಂಚಿನ ವೋಕ್ಸೆಲ್ಲಿನಲ್ಲಿ ಒಂದು ಕಡೆ ಅಂಗಾಂಶ, ಇನ್ನೊಂದು ಕಡೆ ಸಿಗ್ನಲ್ಲೇ ಇಲ್ಲದ ಮೂಳೆ. ತಲೆ 0.3 ಮಿ.ಮೀ. ಸರಿದರೆ 3 ಮಿ.ಮೀ. ಅಗಲದ ವೋಕ್ಸೆಲ್ಲಿನ ಹತ್ತನೇ ಒಂದು ಭಾಗದ ಸಿಗ್ನಲ್ ಬದಲಾಯಿತು: ನಾವು ಹುಡುಕುತ್ತಿರುವ ಶೇಕಡ 2ರ ಐದು ಪಟ್ಟು. ಬೆರಳಾಡಿಸುವಾಗಲೆಲ್ಲ ಭುಜ ಕದಲಿ, ಅದರೊಡನೆ ತಲೆಯೂ ಕದಲಿದರೆ ಕೆಲಸದ ತಾಳಕ್ಕೇ ಸಿಗ್ನಲ್ ಕುಣಿಯುತ್ತದೆ. ಆಮೇಲೆ ಚಿತ್ರಗಳನ್ನು ಜೋಡಿಸಿ ಸರಿಪಡಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಮಚ್ಚೆ ಮೆದುಳಿನ ಅಂಚಿಗೆ ಬಳೆಯ ಹಾಗೆ ಸುತ್ತಿಕೊಂಡಿದ್ದರೆ ಅದು ಚಲನೆಯ ಗುರುತು.

ಎರಡನೆಯದು ಹೃದಯ, ಇದು ಮೋಸಗಾರ. ನಾಡಿ ನಿಮಿಷಕ್ಕೆ 66 ಎಂದರೆ 1.1 ಹರ್ಟ್ಸ್. ನಾವು ನೋಡುವುದು 2 ಸೆಕೆಂಡಿಗೊಮ್ಮೆ, ಅಂದರೆ 0.5 ಹರ್ಟ್ಸ್. ಈ ನೋಟಕ್ಕೆ 1.1 ಹರ್ಟ್ಸ್‌ನ ಮಿಡಿತ 0.1 ಹರ್ಟ್ಸ್‌ನ ನಿಧಾನ ಅಲೆಯಾಗಿ ವೇಷ ಮರೆಸಿಕೊಂಡು ಕಾಣುತ್ತದೆ. ವಿಶ್ರಾಂತಿಯ ಮೆದುಳಿನ ಜಾಲಗಳನ್ನು ಹುಡುಕುವವರು 0.01ರಿಂದ 0.1 ಹರ್ಟ್ಸ್‌ನ ಅಲೆಗಳನ್ನೇ ಆರಿಸಿಕೊಳ್ಳುತ್ತಾರೆ ಎಂಬುದನ್ನು ನೆನೆಸಿಕೊಂಡರೆ ಅಪಾಯ ಅರ್ಥವಾಗುತ್ತದೆ. ಬೆರಳಿಗೆ ನಾಡಿ ಅಳೆಯುವ ಕ್ಲಿಪ್, ಹೊಟ್ಟೆಗೆ ಉಸಿರಿನ ಪಟ್ಟಿ ಹಾಕಿ ಎರಡನ್ನೂ ದಾಖಲಿಸಿಕೊಂಡರೆ ಆಮೇಲೆ ಅವುಗಳ ಪಾಲನ್ನು ಕಳೆಯಬಹುದು. ಸ್ಕ್ಯಾನ್ ಮುಗಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಉಸಿರಾಟ ಇನ್ನೊಂದು ದಾರಿಯಿಂದಲೂ ಬರುತ್ತದೆ. ಇಂಗಾಲದ ಡೈಆಕ್ಸೈಡ್ ಮೆದುಳಿನ ರಕ್ತನಾಳಗಳನ್ನು ಜೋರಾಗಿ ಹಿಗ್ಗಿಸುವ ವಸ್ತು. ಒಂದು ದೀರ್ಘ ಉಸಿರು ಅದರ ಮಟ್ಟವನ್ನು ಇಳಿಸಿ, ನರಕೋಶಗಳು ಏನೂ ಮಾಡದೆಯೇ ಬೂದುದ್ರವ್ಯದ ತುಂಬ ಬೋಲ್ಡ್ ಸಿಗ್ನಲ್ಲನ್ನು ಕೆಲವು ಸೆಕೆಂಡುಗಳ ಮಟ್ಟಿಗೆ ಬದಲಿಸುತ್ತದೆ. ಕೆಫೀನ್ ಇಂಗಾಲದ ಡೈಆಕ್ಸೈಡ್‌ಗೆ ವಿರುದ್ಧ; ನಾಳಗಳನ್ನು ಸಡಿಲಿಸುವ ಅಡಿನೊಸಿನ್‌ನ ಗ್ರಾಹಕಗಳನ್ನು ಮುಚ್ಚಿ ನಾಳಗಳನ್ನು ಕುಗ್ಗಿಸುತ್ತದೆ. ಅಳತೆಗಳಲ್ಲಿ 200-250 ಮಿಲಿಗ್ರಾಂ ಕೆಫೀನ್ ವಿಶ್ರಾಂತಿಯ ರಕ್ತಪ್ರವಾಹವನ್ನು ಸುಮಾರು ಕಾಲು ಭಾಗ ಇಳಿಸಿದೆ. ಒಂದು ಗುಂಪಿನವರು ಕಾಫಿ ಕುಡಿದು, ಇನ್ನೊಂದು ಗುಂಪಿನವರು ಕುಡಿಯದೆ ಬಂದರೆ ಸಿಗುವ ವ್ಯತ್ಯಾಸಕ್ಕೆ ಮನಶ್ಶಾಸ್ತ್ರದ ವಿವರಣೆ ಹುಡುಕಿ ಫಲವಿಲ್ಲ.

ಅಭಿಧಮನಿಗಳ ಸಮಸ್ಯೆ ಬೇರೆ ಬಗೆಯದು. ಡಿಆಕ್ಸಿ ಕಡಿಮೆಯಾದ ರಕ್ತ ಚಟುವಟಿಕೆಯ ಜಾಗದಲ್ಲಿ ನಿಲ್ಲುವುದಿಲ್ಲ, ಹರಿದು ಮೇಲ್ಮೈಯ ದೊಡ್ಡ ಅಭಿಧಮನಿಗೆ ಸೇರುತ್ತದೆ. 3 ಟೆಸ್ಲಾದ ಮಾಮೂಲಿ ಗ್ರೇಡಿಯೆಂಟ್ ಎಕೋ ವಿಧಾನಕ್ಕೆ ಈ ದೊಡ್ಡ ನಾಳವೇ ಹೆಚ್ಚು ಪ್ರಿಯ. ಹಾಗಾಗಿ ಅತಿ ಗಾಢವಾದ ಮಚ್ಚೆ ಕೆಲಸ ನಡೆದ ಜಾಗದಿಂದ ಕೆಲವು ಮಿ.ಮೀ. ಆಚೆ ಬೀಳಬಹುದು. 7 ಟೆಸ್ಲಾದಲ್ಲಿ, ತಾಳ ತಪ್ಪಿದ ಪ್ರೋಟಾನ್‌ಗಳನ್ನು ಮತ್ತೆ ತಾಳಕ್ಕೆ ತರುವ ಸ್ಪಿನ್ ಎಕೋ ವಿಧಾನ ಬಳಸಿದರೆ ಇದು ಕಡಿಮೆಯಾಗುತ್ತದೆ, ಆದರೆ ಸಿಗ್ನಲ್ ಬದಲಾವಣೆಯೂ ಕುಗ್ಗುತ್ತದೆ.

ಅಂಕಿಅಂಶದ ಜಾರುಬಂಡೆಯ ಬಗ್ಗೆ ಎರಡೇ ಮಾತು. 60,000 ವೋಕ್ಸೆಲ್‌ಗಳನ್ನು ಸಾವಿರಕ್ಕೆ ಒಂದು ತಪ್ಪಿನ ಮಿತಿಯಲ್ಲಿ ಒಂದೊಂದಾಗಿ ಪರೀಕ್ಷಿಸಿದರೆ ಏನೂ ನಡೆಯದಿದ್ದರೂ 60 ವೋಕ್ಸೆಲ್‌ಗಳು ಹೊಳೆಯುತ್ತವೆ. 2009ರಲ್ಲಿ ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿಟ್ಟು ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಇಷ್ಟೊಂದು ಪರೀಕ್ಷೆಗಳಿಗಾಗಿ ತಿದ್ದುಪಡಿ ಮಾಡದ ವಿಶ್ಲೇಷಣೆಯಲ್ಲಿ ಅದರ ಮೆದುಳಿನಲ್ಲೂ ‘ಚಟುವಟಿಕೆ’ ತೋರಿಸಿದ ಪೋಸ್ಟರ್ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು.

ಇದೆಲ್ಲದರಲ್ಲಿ ನಿಜವಾಗಿ ಹಾನಿ ಮಾಡಬಲ್ಲದ್ದು ಶಸ್ತ್ರಚಿಕಿತ್ಸೆಗೆ ಮುಂಚಿನ ನಕ್ಷೆ. ಗಡ್ಡೆಯ ಪಕ್ಕದಲ್ಲಿ ಮಾತಿನ ಪ್ರದೇಶ ಇದೆಯೇ ಎಂದು ನೋಡಲು ಎಫ್‌ಎಂಆರ್‌ಐ ಮಾಡುತ್ತಾರೆ. ಗಡ್ಡೆ ತನ್ನ ಸುತ್ತಲಿನ ನಾಳಗಳನ್ನು ಕೆಡಿಸಿರುತ್ತದೆ. ಅವು ಆಗಲೇ ಪೂರ್ತಿ ಹಿಗ್ಗಿ ನಿಂತಿರಬಹುದು. ನರಕೋಶಗಳು ಸರಿಯಾಗಿ ಕೆಲಸ ಮಾಡಿ ರಕ್ತ ಕೇಳಿದರೂ ನಾಳ ಇನ್ನು ಹಿಗ್ಗಲಾರದು. ನಕ್ಷೆಯಲ್ಲಿ ಆ ಜಾಗ ಖಾಲಿ. ಕುತ್ತಿಗೆಯ ಅಪಧಮನಿ ಕಿರಿದಾಗಿರುವವರಲ್ಲೂ ಇದೇ ಕಥೆ, ಅಲ್ಲಿ ಸಿಗ್ನಲ್ ತಡವಾಗಿ ಅಥವಾ ಸಣ್ಣದಾಗಿ ಬರಬಹುದು.

ಇದನ್ನು ಪರೀಕ್ಷಿಸಲು ದುಬಾರಿ ಸಲಕರಣೆ ಬೇಡ, ಉಸಿರು ಹಿಡಿಸಿದರೆ ಸಾಕು. ಅದೇ ಎಫ್‌ಎಂಆರ್‌ಐ ಸೆಟ್ಟಿಂಗ್ ಇಟ್ಟುಕೊಂಡು 40 ಸೆಕೆಂಡು ಸಹಜ ಉಸಿರಾಟ, ಆಮೇಲೆ ಉಸಿರು ಹೊರಬಿಟ್ಟು 15 ಸೆಕೆಂಡು ತಡೆ, ಹೀಗೆ ನಾಲ್ಕೈದು ಬಾರಿ. ಉಸಿರು ಎಳೆದುಕೊಂಡು ತಡೆಯುವುದಕ್ಕಿಂತ ಬಿಟ್ಟು ತಡೆಯುವುದು ಮೇಲು. ಎಳೆದುಕೊಳ್ಳುವ ಆಳ ಪ್ರತಿ ಸಲ ಬೇರೆಯಾಗಿ ಫಲಿತಾಂಶ ಚೆಲ್ಲಾಪಿಲ್ಲಿಯಾಗುತ್ತದೆ. ತಡೆದಾಗ ಇಂಗಾಲದ ಡೈಆಕ್ಸೈಡ್ ಏರಿ ಆರೋಗ್ಯವಂತ ನಾಳಗಳೆಲ್ಲ ಹಿಗ್ಗುತ್ತವೆ, ಬೂದುದ್ರವ್ಯದ ತುಂಬ ಸಿಗ್ನಲ್ ಏರುತ್ತದೆ. ಈ ಏರಿಕೆ ತಡೆ ಶುರುವಾದ ಕೂಡಲೇ ಕಾಣುವುದಿಲ್ಲ, ಹಲವು ಸೆಕೆಂಡು ತಡವಾಗುತ್ತದೆ. ವಿಶ್ಲೇಷಣೆಯಲ್ಲಿ ಆ ವಿಳಂಬ ಸೇರಿಸದಿದ್ದರೆ ಚೆನ್ನಾಗಿರುವ ನಾಳವೂ ಕೆಟ್ಟದ್ದಾಗಿ ತೋರುತ್ತದೆ. ಗಡ್ಡೆಯ ಪಕ್ಕ ಮಾತ್ರ ಸಿಗ್ನಲ್ ಏರದಿದ್ದರೆ, ಅಥವಾ ಬೇರೆ ಕಡೆಯ ನಾಳಗಳು ರಕ್ತವನ್ನು ಎಳೆದುಕೊಂಡು ಅಲ್ಲಿ ಇಳಿದರೆ, ಮಾತಿನ ನಕ್ಷೆಯಲ್ಲಿ ಆ ಜಾಗದ ಖಾಲಿತನವನ್ನು ಖಾಲಿ ಎಂದು ಓದಬಾರದು. ಶಸ್ತ್ರಚಿಕಿತ್ಸಕರಿಗೆ ಕೊಡುವ ವರದಿಯಲ್ಲಿ ಎರಡೂ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು, ಆ ಜಾಗಕ್ಕೆ ಗೆರೆ ಹಾಕಿ, ‘ಇಲ್ಲಿ ಬೋಲ್ಡ್ ನಂಬಲರ್ಹವಲ್ಲ, ಶಸ್ತ್ರಚಿಕಿತ್ಸೆಯ ವೇಳೆ ನೇರ ವಿದ್ಯುತ್ ಪ್ರಚೋದನೆಯಿಂದ ಪರೀಕ್ಷಿಸಿ’ ಎಂದು ಬರೆಯಬೇಕು.